ಹಗೇವಿನ ಜೋಳ ಕಲಿಸುವ ಪಾಠ

‘ಹಗೇವು’ ಎಂದರೇನೆಂದು ನಿಮ್ಮ ಮನೆಯ ಮಕ್ಕಳನ್ನು ಒಮ್ಮೆ ಕೇಳಿ ನೋಡಿರಿ. ಬಹುಮಂದಿ ಸುಮ್ಮನಾಗುವರು. ಆದರೆ ಅಥಣಿ, ಜಮಖಂಡಿ, ವಿಜಾಪುರ ಸೀಮೆಯ ನಮ್ಮ ಹಿರಿಯರಿಗೆ ಆ ಶಬ್ದವೇ ಜೀವದ ಭರವಸೆಯಾಗಿದ್ದಿತು. ಕಾಳು ತುಂಬಿಡಲು ನೆಲದೊಳಗೆ ತೋಡಿದ ಕುಣಿಯೇ ಹಗೇವು. ಕೃಷ್ಣೆಯು ಅಥಣಿ ತಾಲೂಕಿನ ದಕ್ಷಿಣದ ಅಂಚಿನಲ್ಲಿ ಹರಿದರೂ ಅದರ ಉತ್ತರದ ಬಯಲು ಮಳೆಯ ನೆರಳಿನ ನಾಡು. ಸಹ್ಯಾದ್ರಿಯ ಮೇಲೆ ಸುರಿದು ಬರಿದಾದ ಮುಂಗಾರಿನ ಮೋಡಗಳು ಇಲ್ಲಿಗೆ ಬರುವಷ್ಟರಲ್ಲಿ ಹಗುರಾಗಿರುತ್ತವೆ. ಹಿಂಗಾರಿನ ಮಳೆಯೂ ತಪ್ಪಿದರೆ ಬಿಳಿಜೋಳವಿಲ್ಲ. ಜೋಳವಿಲ್ಲದಿದ್ದರೆ ಮನೆಯಲ್ಲಿ ರೊಟ್ಟಿಯಿಲ್ಲ, ಕೊಟ್ಟಿಗೆಯಲ್ಲಿ ಕಣಿಕೆಯಿಲ್ಲ. ಆದುದರಿಂದ ಬೆಳೆ ಬಂದ ವರ್ಷದಲ್ಲಿಯೇ ಬಾರದ ವರ್ಷವನ್ನು ನೆನೆಯುವುದು ಇಲ್ಲಿಯ ಒಕ್ಕಲುತನದ ಮೊದಲ ಪಾಠವಾಯಿತು.

ಹಗೇವನ್ನು ಎಲ್ಲೆಂದರಲ್ಲಿ ತೋಡುವಂತಿರಲಿಲ್ಲ. ಎರೆಮಣ್ಣು ತೇವವನ್ನು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಕಾರಣ ನೀರು ನಿಲ್ಲದ ಎತ್ತರದ ಗಟ್ಟಿ ನೆಲವನ್ನು ಆರಿಸುತ್ತಿದ್ದರು. ಬಾಯಿ ಕಿರಿದು, ಒಡಲು ಗಡಿಗೆಯಂತೆ ಹಿರಿದು. ಒಳಗೆ ಬೆಂಕಿಯಿಟ್ಟು ತೇವವನ್ನಾರಿಸಿ, ತಳಕ್ಕೂ ಸುತ್ತಲಿನ ಗೋಡೆಗೂ ಹುಲ್ಲು, ಕಣಿಕೆಗಳ ಹೊದಿಕೆ ಕೊಟ್ಟು, ಚೆನ್ನಾಗಿ ಒಣಗಿದ ಜೋಳವನ್ನು ತುಂಬಿ, ಮೇಲೆ ಕಲ್ಲುಚಪ್ಪಡಿಯಿಟ್ಟು ಮಣ್ಣಿನಿಂದ ಮುಚ್ಚುತ್ತಿದ್ದರು. ಹೊರಗಿನ ಗಾಳಿ ಒಳಹೋಗದು. ಕಾಳೂ ಅದರೊಳಗಿನ ಹುಳುವೂ ಉಸಿರಾಡಿ ಆಮ್ಲಜನಕ ತೀರಿ, ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುವುದರಿಂದ ಹುಳುವು ತಾನಾಗಿಯೇ ಸಾಯುತ್ತದೆ. ಈ ತತ್ತ್ವವನ್ನು ವಿಜ್ಞಾನವು ವಿವರಿಸುವ ಮೊದಲೇ ನಮ್ಮ ಒಕ್ಕಲಿಗನು ಅನುಭವದಿಂದ ಅರಿತಿದ್ದನು. ಹಗೇವನ್ನು ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗಿಳಿದವನ ಪ್ರಾಣವೂ ಆರುವುದೆಂದು ಬಲ್ಲವರಾಗಿದ್ದರು. ಗೋಡೆಗೆ ತಾಗಿದ ಕಾಳು ಬಣ್ಣಗೆಟ್ಟು ವಾಸನೆ ಹಿಡಿಯುತ್ತಿದ್ದರೂ ನಡುವಿನದು ವರ್ಷಗಟ್ಟಲೆ ಉಳಿಯುತ್ತಿತ್ತು. ಆ ಕಾಳು ಊಟಕ್ಕೆ ಆದೀತು, ಬಿತ್ತನೆಗೆ ಆಗದು. ಅದಕ್ಕಾಗಿ ಬೀಜದ ಕಾಳನ್ನು ಬೇರೆಯಾಗಿಯೇ ಕಾಯ್ದಿಡುತ್ತಿದ್ದರು.

ಹಗೇವು ಗಂಡಸರ ಕೆಲಸವಾದರೆ ಒಳಮನೆಯ ಸಂಗ್ರಹವು ತಾಯಂದಿರ ವಿದ್ಯೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಕಾಳಿನಲ್ಲಿ ಬೂದಿ ಬೆರೆಸಿ ಬೇವಿನ ಎಲೆ ಹಾಕುವುದು, ಬೇಸಿಗೆಯ ಬಿಸಿಲಿನಲ್ಲಿ ಶಾವಿಗೆ, ಸಂಡಿಗೆ, ಹಪ್ಪಳಗಳನ್ನು ಮಾಡಿಡುವುದು, ಹುಣಸೆಹಣ್ಣನ್ನು ಉಪ್ಪು ಬೆರೆಸಿ ಗಡಿಗೆಗೆ ತುಂಬುವುದು, ಶೇಂಗಾ ಗುರೆಳ್ಳುಗಳ ಹಿಂಡಿ, ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ—ಇವೆಲ್ಲ ನಾಲಗೆಯ ರುಚಿಗಾಗಿ ಮಾತ್ರ ಹುಟ್ಟಿದವುಗಳಲ್ಲ.

ಈ ಎಚ್ಚರಿಕೆಗೆ ಇತಿಹಾಸದ ಕಾರಣವಿದೆ. ಕ್ರಿ.ಶ. 1396ರಿಂದ ಹನ್ನೆರಡು ವರ್ಷ ದಖ್ಖಣವನ್ನು ಸುಟ್ಟಿತೆನ್ನಲಾದ ದುರ್ಗಾದೇವಿಯ ಬರವನ್ನು ಜನ ಮರೆಯಲಿಲ್ಲ. 1791-92ರ ಕ್ಷಾಮಕ್ಕೆ ‘ಡೋಗಿ ಬರ’ವೆಂದು ಹೆಸರು, ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಬಂದ ಹೆಸರದು. ಅಥಣಿಯಿಂದ ಉತ್ತರಕ್ಕೆ ಜತ್ತವನ್ನು ದಾಟಿ ಹೋದರೆ ಸಿಗುವ ಮಂಗಳವೇಢೆಯಲ್ಲಿ ಇನ್ನೊಂದು ನೆನಪು ಉಳಿದಿದೆ. ಬಹಮನಿ ಅರಸರ ಅಧಿಕಾರಿಯಾಗಿದ್ದ ದಾಮಾಜಿಪಂತನು ಬರದಲ್ಲಿ ಸಾಯುತ್ತಿದ್ದ ಜನರನ್ನು ನೋಡಲಾರದೆ, ಅರಸನ ಅಪ್ಪಣೆಯನ್ನು ಕೇಳದೆ ಸರಕಾರದ ಕಣಜಗಳನ್ನೇ ತೆರೆದು ಹಂಚಿದನೆಂಬುದು ಆ ಐತಿಹ್ಯ. ಪವಾಡದ ಭಾಗವನ್ನು ಬದಿಗಿಟ್ಟರೂ ಅದರೊಳಗೊಂದು ಪ್ರಶ್ನೆ ಉಳಿಯುತ್ತದೆ: ಕಣಜ ತುಂಬಿರುವುದು ಯಾರಿಗಾಗಿ?

ಈ ಪ್ರಶ್ನೆಗೆ ಅತ್ಯಂತ ಕಠೋರವಾದ ಉತ್ತರವನ್ನು ಕೊಟ್ಟದ್ದು 1876ರ ಬರ. ಧಾತು ಸಂವತ್ಸರದಲ್ಲಿ ಆರಂಭವಾಗಿ ಈಶ್ವರ ಸಂವತ್ಸರಕ್ಕೂ ಹಬ್ಬಿದ ಅದು ‘ಧಾತು-ಈಶ್ವರ ಬರ’ವೆಂದು ಹೆಸರಾಯಿತು. ಆಗ ಅಥಣಿಯು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಗೆ ಸೇರಿತ್ತು. ಪೂರ್ವದ ನೆರೆಯಲ್ಲಿ ಕಲಾದಗಿ ಜಿಲ್ಲೆ, ಅಂದರೆ ಮುಂದಿನ ವಿಜಾಪುರ ಜಿಲ್ಲೆ. 1872ರಲ್ಲಿ ಎಂಟು ಲಕ್ಷವನ್ನು ಮೀರಿದ್ದ ಕಲಾದಗಿಯ ಜನಸಂಖ್ಯೆಯು 1881ರ ಗಣತಿಯಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿಯಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ!

ಹಗೇವುಗಳ ನಾಡಿನಲ್ಲಿಯೇ ಹೀಗೇಕಾಯಿತೆಂದು ನೀವು ಕೇಳಬಹುದು. ಮೊದಲನೆಯದಾಗಿ, ಕಂದಾಯವನ್ನು ರೊಕ್ಕದಲ್ಲಿಯೇ ತೆರಬೇಕಾಗಿತ್ತು. ಅದಕ್ಕಾಗಿಯೂ ಸಾಲದ ಬಡ್ಡಿಗಾಗಿಯೂ ಸುಗ್ಗಿಯ ಕಾಳು ಕಣದಿಂದಲೇ ಪೇಟೆಗೆ ಹೊರಡುತ್ತಿತ್ತು. ಎರಡನೆಯದಾಗಿ, 1861-65ರ ಅಮೇರಿಕದ ಅಂತರ್ಯುದ್ಧದಿಂದ ಅರಳೆಯ ಬೆಲೆಯೇರಿ ನಮ್ಮ ಎರೆಭೂಮಿಗಳಲ್ಲಿ ಹತ್ತಿಯು ಹಬ್ಬಿತ್ತು. ಬೆಲೆಯಿಳಿದ ಮೇಲೆ ಸಾಲ ಮಾತ್ರ ಉಳಿಯಿತು. ಮೂರನೆಯದಾಗಿ, ಆಗ ಈ ಭಾಗಕ್ಕೆ ರೈಲು ಬಂದಿರಲಿಲ್ಲ. ಮೇವಿಲ್ಲದೆ ಎತ್ತುಗಳು ಸತ್ತ ಮೇಲೆ ಹೊರಗಿನ ಕಾಳನ್ನು ತರುವ ಬಂಡಿಗಳೂ ನಿಂತವು. ಅತ್ತ ಸರಕಾರವು ಕಾಳಿನ ವ್ಯಾಪಾರದಲ್ಲಿ ಕೈಹಾಕುವುದಿಲ್ಲವೆಂದಿತು. ಈ ದೇಶದ ಗೋದಿ ಹಡಗನ್ನೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಸಾಹೇಬನು ಬರಗಾಲದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಕಾಳು ಮತ್ತು ಅತ್ಯಲ್ಪ ಹಣಕ್ಕೆ ಇಳಿಸಿದನು. ಮುಂಬಯಿ ಇಲಾಖೆಯ ಅನೇಕ ಕಾಮಗಾರಿಗಳಲ್ಲಿ ಹಸಿದ ಜನರೇ ಕೆಲಸ ಬಿಟ್ಟು ಪ್ರತಿಭಟಿಸಿದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ನಿಂತಿತು.

ಇನ್ನೊಂದು ಕಾರಣವನ್ನು ನಾವು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ಹಗೇವು ಇದ್ದದ್ದು ಹೊಲವಿದ್ದವನಿಗೆ, ವ್ಯಾಪಾರವಿದ್ದವನಿಗೆ. ಬರದಲ್ಲಿ ಮೊದಲು ಸತ್ತವರು ಕೂಲಿಕಾರರು, ನೇಕಾರರು, ಕೈಕಸುಬಿನವರು. ದುಡಿದಂದೇ ಉಣ್ಣುವವನಿಗೆ ಕೂಡಿಡಲು ಏನಿರುತ್ತದೆ? ಬೆಲೆ ಇನ್ನಷ್ಟು ಏರಲೆಂದು ಮುಚ್ಚಿಟ್ಟ ಹಗೇವು ಅವನ ಪಾಲಿಗೆ ಇದ್ದರೂ ಇಲ್ಲದಂತೆಯೇ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ನೆನಪಾಗುತ್ತದೆ. ಪತಿಯಾದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕದ್ದನ್ನು ಇದ್ದಲ್ಲಿಯೇ ಸುರಿದು ಬರಲು ಆ ತಾಯಿ ಹೇಳಿದಳು. ಹಾಗಾದರೆ ಕೂಡಿಡುವುದೇ ತಪ್ಪೇ? ಅಲ್ಲ. ಲಕ್ಕಮ್ಮನು ನಿಷೇಧಿಸಿದ್ದು ಆಸೆಯನ್ನು, ಎಚ್ಚರಿಕೆಯನ್ನಲ್ಲ. ಆಕಾಶದ ತಪ್ಪಿಗೆ ಅಂಜಿ ಕೂಡಿಟ್ಟದ್ದು ಸಂಗ್ರಹ. ನೆರೆಯವನ ಹಸಿವನ್ನು ಕಾದು ಕೂಡಿಟ್ಟದ್ದು ಲೋಭ. ಎರಡೂ ಒಂದೇ ಬಗೆಯ ಹಗೇವಿನಲ್ಲಿರುತ್ತವೆ. ಬೇರೆ ಬೇರೆಯೆಂದು ತಿಳಿಯುವುದು ಅದರ ಬಾಯಿ ತೆರೆದ ದಿನ.

ಇಂದು ಹಗೇವುಗಳು ಮುಚ್ಚಿಹೋಗಿವೆ. ನೀರಾವರಿ ತಲುಪಿದ ಹೊಲಗಳಲ್ಲಿ ಜೋಳದ ಜಾಗಕ್ಕೆ ಕಬ್ಬು ಬಂದಿದೆ. ಭಾರತ ಆಹಾರ ನಿಗಮವು 1965ರಿಂದಲೂ, ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು 2013ರಿಂದಲೂ ಹೊಲವಿಲ್ಲದವನಿಗೂ ಒಂದು ಕಣಜವನ್ನು ಒದಗಿಸಿವೆ. 1876ರ ಕೂಲಿಕಾರನಿಗೆ ಇಲ್ಲದಿದ್ದದ್ದು ಇದೇ. ಆದರೂ ಮನೆಯ ಎಚ್ಚರಿಕೆಯ ಕಾಲ ಮುಗಿಯಲಿಲ್ಲ. 2019ರ ಆಗಸ್ಟಿನಲ್ಲಿ ಬರವಲ್ಲ, ಕೃಷ್ಣೆಯ ಮಹಾಪೂರವೇ ಅಥಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ತಾಲೂಕುಗಳ ಮನೆಗಳಿಗೆ ನುಗ್ಗಿತು. ಮರುವರ್ಷವೇ ಲಾಕ್‌ಡೌನಿನಲ್ಲಿ ಪೇಟೆಗಳು ಮುಚ್ಚಿದವು.

ಆದುದರಿಂದ ಸದ್ಭಕ್ತರೇ, ಮನೆಯಲ್ಲಿ ಕೆಲವು ತಿಂಗಳ ಜೋಳ, ಬೇಳೆ, ಬೆಲ್ಲ, ಉಪ್ಪು ಇರಲಿ. ಹೊಳೆದಂಡೆಯವರು ಅದನ್ನು ಅಟ್ಟದ ಮೇಲಿಡಿರಿ. ಹಳೆಯದನ್ನು ಮೊದಲು ಬಳಸಿ, ಹೊಸದನ್ನು ಹಿಂದಿಡಿರಿ. ಅಭಾವದ ಸುದ್ದಿ ಹಬ್ಬಿದ ದಿನ ಮಾತ್ರ ಅಂಗಡಿಗೆ ಓಡಬೇಡಿರಿ. ಅಂದು ನೀವು ಹೆಚ್ಚಾಗಿ ತಂದದ್ದು ನಾಳೆ ತರಬೇಕಾದ ಬಡವನ ಪಾಲು. ಕೂಡಿಡುವ ಕಾಲ ಸುಗ್ಗಿ. ಬರವು ಹಂಚಿಕೊಳ್ಳುವ ಕಾಲ.