ರೇಡಾರ್‌ನಲ್ಲಿ ಪಲ್ಸ್ ಸಂಕೋಚನ

ರೇಡಾರ್ ಕಳುಹಿಸಿದ ಉದ್ದನೆಯ ಪಲ್ಸ್‌ನ ಪ್ರತಿಧ್ವನಿಯನ್ನು ಫಿಲ್ಟರಿನಲ್ಲಿ ಹಾಯಿಸಿ ಕಿರಿದಾಗಿಸುವ ಸಂಕೇತ ಸಂಸ್ಕರಣ ವಿಧಾನ. ದೂರದ ಗುರಿ ಕಾಣಬೇಕಾದರೆ ಪಲ್ಸ್‌ನಲ್ಲಿ ಹೆಚ್ಚು ಶಕ್ತಿ ಇರಬೇಕು. ಪ್ರೇಷಕದ ಗರಿಷ್ಠ ಸಾಮರ್ಥ್ಯಕ್ಕೆ ಮಿತಿಯಿರುವುದರಿಂದ ಪಲ್ಸನ್ನು ಉದ್ದ ಮಾಡಬೇಕಾಗುತ್ತದೆ. ಉದ್ದವಾದಷ್ಟೂ ಅಕ್ಕಪಕ್ಕದ ಗುರಿಗಳು ಬೆರೆತುಹೋಗುತ್ತವೆ. 1 ಮೈಕ್ರೋಸೆಕೆಂಡಿನ ಸಾದಾ ಪಲ್ಸ್ 150 ಮೀಟರ್ ಅಂತರದ ಗುರಿಗಳನ್ನು ಬೇರ್ಪಡಿಸಿದರೆ, 10 ಮೈಕ್ರೋಸೆಕೆಂಡಿನದಕ್ಕೆ 1,500 ಮೀಟರ್ ಅಂತರ ಬೇಕು. ಈ ಇಕ್ಕಟ್ಟನ್ನು ಬಿಡಿಸಿದ್ದೇ ಈ ವಿಧಾನದ ಹಿರಿಮೆ.

ಬೆಳವಣಿಗೆ: ಗದ್ದಲದಲ್ಲಿ ಹುದುಗಿದ ಸಂಕೇತವನ್ನು ಅತ್ಯುತ್ತಮವಾಗಿ ಎತ್ತಿ ತೋರುವುದು ಅದರ ಆಕಾರಕ್ಕೇ ಹೊಂದಿಸಿದ ಫಿಲ್ಟರ್ ಎಂದು ಅಮೆರಿಕದ ಡಿ. ಒ. ನಾರ್ತ್ 1943ರಲ್ಲಿ ತೋರಿಸಿದರು. ಪಲ್ಸ್‌ನ ಉದ್ದಕ್ಕೂ ಆವರ್ತನವನ್ನು ಒಂದೇ ಸಮನೆ ಏರಿಸುವ ಅಥವಾ ಇಳಿಸುವ ‘ಚಿರ್ಪ್’ ವಿಧಾನಕ್ಕೆ ರಾಬರ್ಟ್ ಡಿಕಿ ಮತ್ತು ಬೆಲ್ ಪ್ರಯೋಗಾಲಯದ ಸಿಡ್ನಿ ಡಾರ್ಲಿಂಗ್ಟನ್ 1940ರ ದಶಕದಲ್ಲಿ ಪೇಟೆಂಟ್ ಕೋರಿದರು. ಇದರ ವಿಸ್ತಾರವಾದ ಸಿದ್ಧಾಂತ 1960ರಲ್ಲಿ ಪ್ರಕಟವಾಯಿತು. ಇಲ್ಲಿ ಗುರಿಗಳನ್ನು ಬೇರ್ಪಡಿಸುವ ಸೂಕ್ಷ್ಮತೆ ಪಲ್ಸ್‌ನ ಉದ್ದವನ್ನಲ್ಲ, ಆವರ್ತನದ ಹರವನ್ನು ಅವಲಂಬಿಸಿದೆ: 75 ಮೆಗಾಹರ್ಟ್ಸ್ ಹರವಿಗೆ 2 ಮೀಟರ್. ಆವರ್ತನದ ಬದಲು ತರಂಗದ ಹಂತವನ್ನು ತಿರುಗಿಸುವ ಸಂಕೇತಮಾಲೆಗಳನ್ನು ಆರ್. ಎಚ್. ಬಾರ್ಕರ್ 1953ರಲ್ಲಿ ರೂಪಿಸಿದರು. ಅವುಗಳಲ್ಲಿ ತಿಳಿದಿರುವ ಅತಿ ಉದ್ದನೆಯದು 13 ಅಂಕಿಗಳದು. ಸಂಕೋಚನದ ಬಳಿಕ ಮುಖ್ಯ ಶಿಖರದ ಇಕ್ಕೆಲಗಳಲ್ಲಿ ಉಳಿಯುವ ಉಪಶಿಖರಗಳು ಸಣ್ಣ ಗುರಿಗಳನ್ನು ಮರೆಮಾಡಬಲ್ಲವು. ಅವುಗಳನ್ನು ತಗ್ಗಿಸಲು ಫಿಲ್ಟರಿಗೆ ತೂಕ ಕೊಡುತ್ತಾರೆ.

ಕರ್ನಾಟಕದಲ್ಲಿ: ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿದ ‘ಇಂದ್ರ-2’ ರೇಡಾರ್, ನೆಲದಿಂದ ಮರಳುವ ಪ್ರತಿಧ್ವನಿಗಳ ನಡುವೆ ಕೆಳಮಟ್ಟದಲ್ಲಿ ಹಾರುವ ವಿಮಾನಗಳನ್ನು ಗುರುತಿಸಲು ಪಲ್ಸ್ ಸಂಕೋಚನವನ್ನು ಬಳಸಿಕೊಂಡಿತು. ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿತು.

ಬಾಹ್ಯಾಕಾಶದಿಂದ ಭೂಮಿಯ ಚಿತ್ರ ತೆಗೆಯುವ ರೇಡಾರ್‌ಗಳಿಗೂ ಚಿರ್ಪ್ ಆಧಾರ. ಇಸ್ರೋದ ರಿಸ್ಯಾಟ್-1 (2012), ಆನಂತರ ನಾಸಾ ಜೊತೆಗಿನ ನಿಸಾರ್ (30 ಜುಲೈ 2025) ಇದೇ ಸಾಲಿನವು. ನಿಸಾರ್ 12 ದಿನಗಳಿಗೊಮ್ಮೆ ಅದೇ ಪಥಕ್ಕೆ ಮರಳುತ್ತದೆ. ಅದರ 24 ಸೆಂಟಿಮೀಟರ್ ತರಂಗ ಚಿಂಚೋಳಿಯಂಥ ಕಾಡಿನ ಎಲೆಗಳ ಹೊದಿಕೆಯೊಳಗೂ ಇಳಿಯಬಲ್ಲದು. ಶಹಾಬಾದ್, ವಾಡಿ ಸುತ್ತಲಿನ ಸುಣ್ಣಕಲ್ಲಿನ ಗಣಿಗಳಂಥ ಕಡೆ ನೆಲದ ಅಲುಗಾಟವನ್ನು ಸೆಂಟಿಮೀಟರ್ ಮಟ್ಟದಲ್ಲಿ ಅಳೆಯಲು ಇಂಥ ಚಿತ್ರಗಳು ನೆರವಾಗುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ನದಿಗಳು ಉಕ್ಕಿದಂಥ ಸಂದರ್ಭದಲ್ಲಿ ಮೋಡ ಕವಿದರೆ ಸಾಮಾನ್ಯ ಉಪಗ್ರಹ ಕ್ಯಾಮೆರಾಕ್ಕೆ ನೆಲ ಕಾಣದು. ರೇಡಾರ್‌ಗೆ ಮೋಡವೂ ಇರುಳೂ ಅಡ್ಡಿಯಲ್ಲ. ಸೇಡಂ, ಚಿತ್ತಾಪುರದ ತೊಗರಿ ಹೊಲಗಳಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಎಂಬುದನ್ನು ಮಳೆ ಬಿಡುವ ಮೊದಲೇ ಗುರುತಿಸಲು ಈ ತಂತ್ರ ದಾರಿ ಮಾಡಿದೆ.