ಬಂಗಾಲಿ ಟೋಲಾದ ಮಣ್ಣಿನ ದುರ್ಗೆ: ಬಣ್ಣದ ಕೆಳಗಿನ ಕಥೆ

ಇವತ್ತು ಕಾಶಿಯ ಬಂಗಾಲಿ ಟೋಲಾಕ್ಕೆ ಹೋಗೋಣ. ನಮ್ಮ ಕಡೆಯಿಂದ ಹೋಗುವ ಯಾತ್ರಿಕರಿಗೆ ಜಂಗಮವಾಡಿ ಮಠ ಚೆನ್ನಾಗಿ ಗೊತ್ತು. ಅದರ ಆಸುಪಾಸಿನ ಗಲ್ಲಿಗಳಲ್ಲೇ ಬಂಗಾಳಿಗಳ ಈ ಹಳೇ ಕೇರಿ ಇದೆ.

ಇಲ್ಲಿ ಮುಖರ್ಜಿ ಮನೆತನದ ದುರ್ಗಾಬಾಡಿಯಲ್ಲಿ ಹುಲ್ಲು, ಮಣ್ಣಿನಿಂದ ಮಾಡಿದ ಒಂದು ದುರ್ಗೆ ಇದ್ದಾಳೆ. 1767ರ ದುರ್ಗಾಪೂಜೆಗೆ ಮಾಡಿದ್ದು ಅಂತ ಹೇಳ್ತಾರೆ. ವಿಸರ್ಜನೆಗೆ ಎತ್ತಲು ಹೋದರೆ ವಿಗ್ರಹ ಅಲುಗಲೇ ಇಲ್ಲವಂತೆ. 'ಇಲ್ಲೇ ಇರುತ್ತೇನೆ, ಕಡಲೆ ಬೆಲ್ಲ ಕೊಟ್ಟರೆ ಸಾಕು' ಎಂದು ದೇವಿ ಕನಸಿನಲ್ಲಿ ಹೇಳಿದಳು ಅನ್ನೋದು ಐತಿಹ್ಯ.

ಐತಿಹ್ಯವನ್ನು ನಂಬೋದು, ಬಿಡೋದು ನಿಮಗೆ ಬಿಟ್ಟಿದ್ದು. ನಾನು ಕೇಳೋ ಪ್ರಶ್ನೆ ಬೇರೆ. ಕೆಲವೇ ದಿನಗಳಲ್ಲಿ ಗಂಗೆಯಲ್ಲಿ ಕರಗಬೇಕಾದ ಗೊಂಬೆಗೆ ಅಷ್ಟೊಂದು ಪದರ ಬಣ್ಣ ಯಾಕೆ?

ಕೆಲಸದ ಕ್ರಮ ನೋಡಿ. ಮೊದಲು ಬಿದಿರು, ಮರದ ಚೌಕಟ್ಟು. ಅದಕ್ಕೆ ಹುಲ್ಲನ್ನು ಸೆಣಬಿನ ದಾರದಿಂದ ಬಿಗಿದು ಮೈಕಟ್ಟು ಮಾಡ್ತಾರೆ. ಭತ್ತದ ಹೊಟ್ಟು ಕಲಸಿದ ಜಿಗುಟು ಮಣ್ಣು ಮೊದಲ ಪದರ. ನಯವಾದ ಮಣ್ಣು ಎರಡನೆಯದು. ಒಣಗುವಾಗ ಬಿರುಕು ಬಿಟ್ಟೇ ಬಿಡುತ್ತದೆ. ತೆಳು ಮಣ್ಣಿನ ನೀರಲ್ಲಿ ಅದ್ದಿದ ಬಟ್ಟೆಯ ಪಟ್ಟಿಗಳಿಂದ ಅದನ್ನು ಮುಚ್ಚುತ್ತಾರೆ.

ಆಮೇಲೆ ಬಿಳಿ. ಸೀಮೆಸುಣ್ಣದಂಥ ಬಿಳಿ ಮಣ್ಣಿಗೆ ಹುಣಸೆ ಬೀಜದ ಅಂಟು ಬೆರೆಸಿ ಮೈತುಂಬಾ ಬಳಿಯುತ್ತಾರೆ. ಒಣ ಮಣ್ಣು ಬಣ್ಣವನ್ನು ಹೀರಿಕೊಳ್ಳುತ್ತೆ, ಅದರ ಕಂದು ಎಲ್ಲ ಬಣ್ಣವನ್ನೂ ಮಂಕು ಮಾಡುತ್ತೆ. ಬಿಳಿ ಪದರ ಎರಡನ್ನೂ ತಡೆಯುತ್ತದೆ. ಅದರ ಮೇಲೆ ಮೈಬಣ್ಣ: ಸಂಪ್ರದಾಯದಲ್ಲಿ ದೇವಿಗೆ ಹಳದಿ, ಅಸುರನಿಗೆ ಹಸಿರು. ಹಿಂದೆ ಅರದಾಳ, ಸಿಂಧೂರ, ನೀಲಿ, ದೀಪದ ಮಸಿ ಬಳಸುತ್ತಿದ್ದರು. ದೊಡ್ಡ ಬಣ್ಣ ಮುಗಿದ ಮೇಲೆ ಸಣ್ಣ ಕುಂಚದ ಗೆರೆಗಳು. ಕಣ್ಣು ಬರೆಯೋದು ಕೊನೆಗೆ, ಅನೇಕ ಕಡೆ ಮಹಾಲಯ ಅಮಾವಾಸ್ಯೆಗೆ. ಕೈ ನಡುಗಿದರೆ ಮುಖವೇ ಹೋಯ್ತು!

ಈ ಹುಣಸೆ ಬೀಜದ ಅಂಟು ನಮಗೆ ಹೊಸದಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗಳ ಕೀಲು ಮುಚ್ಚೋದು, ಮೈ ನಯ ಮಾಡೋದು ಇದೇ ಅಂಟು ಸೇರಿದ ಮೆತ್ತೆಯಿಂದ. ಅಲ್ಲೂ ಮೊದಲು ತಳದ ಪದರ, ಆಮೇಲೆ ಬಣ್ಣ.

ಇವತ್ತು ಹುಡುಗರು ಮೇಜಿನ ಮೇಲಿಟ್ಟು ಬಣ್ಣ ಹಚ್ಚುವ ಬೆರಳುದ್ದದ ಪ್ಲಾಸ್ಟಿಕ್ ಯೋಧರು, ಡ್ರ್ಯಾಗನ್‌ಗಳನ್ನು ನೋಡಿ. ಪ್ರೈಮರ್, ಮೂಲ ಬಣ್ಣ, ಸಂದುಗಳಿಗೆ ತೆಳು ಕಪ್ಪು, ಉಬ್ಬಿಗೆ ತಿಳಿ ಬಣ್ಣ, ಕಣ್ಣು, ವಾರ್ನಿಷ್. ಕಾರಣ ಮಾತ್ರ ತಿರುಗುಮುರುಗು: ಮಣ್ಣು ಬಣ್ಣವನ್ನು ಕುಡಿದುಬಿಡುತ್ತೆ, ಪ್ಲಾಸ್ಟಿಕ್ ಹಿಡಿಯೋದೇ ಇಲ್ಲ. ಎರಡಕ್ಕೂ ಮದ್ದು ತಳದ ಪದರವೇ.

ಇನ್ನು 1767 ಅಂದ್ರೆ ಯಾವ ಕಾಲ? 1764ರಲ್ಲಿ ಬಕ್ಸಾರ್ ಕದನ. 1765ರಲ್ಲಿ ಬಂಗಾಳದ ದಿವಾನಿ ಕಂಪನಿಯ ಕೈಗೆ. 1770ರಲ್ಲಿ ಭೀಕರ ಬರ. ನಾಟೋರಿನ ರಾಣಿ ಭವಾನಿ ಕಾಶಿಯಲ್ಲಿ ದುರ್ಗಾಕುಂಡದ ಗುಡಿ ಕಟ್ಟಿಸಿದ್ದೂ ಅದೇ ಶತಮಾನದಲ್ಲಿ. ಊರು ಬಿಟ್ಟು ಬಂದವರು ದೇವಿಯ ಜೊತೆಗೆ ಅವಳನ್ನು ಮಾಡುವ ವಿದ್ಯೆಯನ್ನೂ ತಂದರು.

ಅದಕ್ಕೇ ನನ್ನ ಪ್ರಶ್ನೆಗೆ ನನಗೆ ಕಾಣೋ ಉತ್ತರ ಇದು: ವಿಗ್ರಹ ಕರಗಿದರೂ ವಿದ್ಯೆ ಕರಗಬಾರದು. ಪ್ರತಿ ವರ್ಷ ಹೊಸದಾಗಿ ಮಾಡಲೇಬೇಕಾದ್ದರಿಂದಲೇ ಅದು ಕೈಯಿಂದ ಕೈಗೆ ಉಳಿದು ಬಂತು. ಐತಿಹ್ಯ ದೇವಿಯ ಮಾತನ್ನು ನೆನಪಿಟ್ಟುಕೊಂಡಿದೆ. ಅವಳ ಕಣ್ಣು ಬರೆದವನ ಬಗ್ಗೆ ಏನೂ ಹೇಳೋದಿಲ್ಲ. ಮುಂದಿನ ಸಲ ಗೊಂಬೆ ನೋಡುವಾಗ ಆ ಕೈಯನ್ನೂ ಒಮ್ಮೆ ನೆನೆಯಿರಿ.