ಟೀಮು ಊರು ಬಿಟ್ಟಾಗ

2012ರ ಬೇಸಿಗೆಯಲ್ಲಿ ಆನ್‌ಸೈಟ್ ಅಂತ ಮೊದಲ ಸಲ ಅಮೆರಿಕಕ್ಕೆ ಹೋದಾಗ ನನಗೆ ಬೇಸ್‌ಬಾಲ್ ಬಗ್ಗೆ ಏನೂ ಗೊತ್ತಿರಲಿಲ್ಲ. ಕ್ರಿಕೆಟ್ಟಿನ ದೂರದ ಸಂಬಂಧಿ, ಬರೀ ಫುಲ್‌ಟಾಸ್ ಹಾಕ್ತಾರೆ ಅಂದ್ಕೊಂಡಿದ್ದೆ ಅಷ್ಟೇ. ನನ್ನ ಅಲ್ಲಿನ ಮ್ಯಾನೇಜರ್ ಒಂದು ಸಂಜೆ ಫ್ರೀಮಾಂಟಿನಿಂದ ಬಾರ್ಟ್ ರೈಲು ಹತ್ತಿಸಿಕೊಂಡು ಓಕ್ಲಂಡಿನ ಕೊಲಿಸಿಯಂಗೆ ಕರೆದುಕೊಂಡು ಹೋದ. ಸ್ಟೇಡಿಯಂ ಒಳಗೆ ಹೋಗಿ ನೋಡಿದರೆ ಮೇಲಿನ ಅಂತಸ್ತಿನ ಸೀಟುಗಳಿಗೆಲ್ಲ ಟಾರ್ಪಾಲು ಹೊದಿಸಿದ್ದರು, ನಮ್ಮೂರಲ್ಲಿ ಮೋಡ ಕಟ್ಟಿದಾಗ ಕಣದ ರಾಗಿಗೆ ಹೊದಿಸ್ತಾರಲ್ಲ ಹಾಗೆ. "ಟಿಕೆಟ್ ಹೋಗಲ್ಲ, ಅದಕ್ಕೇ" ಅಂದ. ಕೆಳಗೆ ಕೂತ ಕೆಲವೇ ಸಾವಿರ ಜನ ಮಾತ್ರ ಡೋಲು ಬಾರಿಸಿಕೊಂಡು ಇಡೀ ಸ್ಟೇಡಿಯಂ ತುಂಬಿದ ಹಾಗೆ ಗದ್ದಲ ಮಾಡ್ತಿದ್ದರು. ಅವತ್ತಿನಿಂದ ನಾನು ಅಥ್ಲೆಟಿಕ್ಸ್ ತಂಡದ ಕಡೆಯವನು.

ಈ ತಂಡ ಆಡುವ ವಿಭಾಗದ ಹೆಸರು ಅಮೆರಿಕನ್ ಲೀಗ್ ವೆಸ್ಟ್. ಮೇಜರ್ ಲೀಗ್‌ನಲ್ಲಿ 30 ತಂಡ, ಎರಡು ಲೀಗು, ಒಂದೊಂದು ಲೀಗಿನಲ್ಲಿ ಮೂರು ವಿಭಾಗ, ಒಂದೊಂದು ವಿಭಾಗದಲ್ಲಿ ಐದು ತಂಡ. ಈಗ ನೋಡಿದರೆ ಬಹಳ ಅಚ್ಚುಕಟ್ಟು. ಆದರೆ ಈ ವೆಸ್ಟ್ ಹುಟ್ಟಿದ ಕಥೆಯನ್ನು ಹಿಂದಕ್ಕೆ ಕೆದಕುತ್ತಾ ಹೋದರೆ, ಯಾವನೋ ಅರ್ಜೆಂಟಿನಲ್ಲಿ ಬರೆದು ಪ್ರೊಡಕ್ಷನ್‌ಗೆ ತಳ್ಳಿದ ಕೋಡ್ ಥರ ಕಾಣುತ್ತೆ.

ಶುರುವಾಗಿದ್ದೇ ಒಂದು ತಂಡ ಊರು ಬಿಟ್ಟಿದ್ದರಿಂದ. ಅಥ್ಲೆಟಿಕ್ಸ್ ಮೂಲತಃ ಫಿಲಡೆಲ್ಫಿಯಾದವರು. 1955ರಲ್ಲಿ ಕ್ಯಾನ್ಸಸ್ ಸಿಟಿಗೆ ಬಂದರು. 1967ರ ಸೀಸನ್ ಮುಗಿದ ಮೇಲೆ ಮಾಲೀಕ ಚಾರ್ಲಿ ಫಿನ್ಲೆ ತಂಡವನ್ನು ಓಕ್ಲಂಡಿಗೆ ಎತ್ತಿಕೊಂಡು ಹೋದ. ಮಿಸ್ಸೂರಿಯ ಸೆನೆಟರ್ ಸ್ಟುವರ್ಟ್ ಸೈಮಿಂಗ್ಟನ್ ಕೆಂಡವಾದರು. ಬೇಸ್‌ಬಾಲಿಗೆ 1922ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ವಿನಾಯಿತಿ ಸಿಕ್ಕಿತ್ತು. ಅದನ್ನೇ ಕಿತ್ತುಹಾಕಿಸ್ತೀನಿ ಅಂತ ಹೆದರಿಸಿದರು. ಲೀಗು ಗಡಿಬಿಡಿಯಲ್ಲಿ ಕ್ಯಾನ್ಸಸ್ ಸಿಟಿಗೆ 1969ಕ್ಕೇ ಹೊಸ ತಂಡ ಕೊಡ್ತೀವಿ ಅಂತು. ಒಂದೇ ತಂಡ ಸೇರಿಸಿದರೆ ವೇಳಾಪಟ್ಟಿ ಕೂಡಲ್ಲ, ಹಾಗಾಗಿ ಜೊತೆಗೆ ಸಿಯಾಟಲ್‌ಗೂ ಒಂದು. ಹತ್ತು ಇದ್ದಿದ್ದು ಹನ್ನೆರಡಾಯಿತು, ಪೂರ್ವಕ್ಕೆ ಆರು, ಪಶ್ಚಿಮಕ್ಕೆ ಆರು ಅಂತ ಹಂಚಿದರು. ಪಶ್ಚಿಮದಲ್ಲಿ ಓಕ್ಲಂಡ್, ಕ್ಯಾಲಿಫೋರ್ನಿಯಾ ಏಂಜಲ್ಸ್, ಮಿನ್ನೆಸೋಟಾ ಟ್ವಿನ್ಸ್, ಶಿಕಾಗೊ ವೈಟ್ ಸಾಕ್ಸ್, ಮತ್ತೆ ಹೊಸಬರಾದ ಕ್ಯಾನ್ಸಸ್ ಸಿಟಿ ರಾಯಲ್ಸ್, ಸಿಯಾಟಲ್ ಪೈಲಟ್ಸ್. ಶಿಕಾಗೊ ಯಾವ ಲೆಕ್ಕದಲ್ಲಿ ಪಶ್ಚಿಮ ಅಂತ ಕೇಳಬೇಡಿ. ಇನ್ನೊಂದು ಲೀಗಿನಲ್ಲಿ ಅಟ್ಲಾಂಟಾವನ್ನೇ ಪಶ್ಚಿಮಕ್ಕೆ ಹಾಕಿದ್ದರು!

ಪೈಲಟ್ಸ್ ಕಥೆ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಹಳೇ ಸ್ಟೇಡಿಯಂ, ಕೈಯಲ್ಲಿ ದುಡ್ಡಿಲ್ಲ, 98 ಸೋಲು. ಒಂದೇ ಸೀಸನ್ನಿಗೆ ದಿವಾಳಿ. 1970ರ ಮಾರ್ಚ್ ಕೊನೆಯಲ್ಲಿ ಕೋರ್ಟಿನ ತೀರ್ಪಿಗೆ ಕಾಯುತ್ತಾ ತಂಡದ ಸಾಮಾನು ತುಂಬಿದ ಲಾರಿ ಯೂಟಾದ ಪ್ರೋವೊ ಊರಲ್ಲಿ ನಿಂತಿತ್ತಂತೆ. ಸಿಯಾಟಲ್ ಅಂದರೆ ಆ ಕಡೆ, ಮಿಲ್ವಾಕಿ ಅಂದರೆ ಈ ಕಡೆ. ಮಿಲ್ವಾಕಿಯ ಬಡ್ ಸೀಲಿಗ್ ಗುಂಪು 108 ಲಕ್ಷ ಡಾಲರಿಗೆ ಕೊಂಡಿತು, ಲಾರಿ ಈ ಕಡೆ ತಿರುಗಿತು. ಹೊಸ ಬಟ್ಟೆ ಹೊಲಿಸೋಕೂ ಟೈಮಿಲ್ಲ. ಪೈಲಟ್ಸ್ ಅನ್ನೋ ಅಕ್ಷರ ಬಿಚ್ಚಿ ಬ್ರೂವರ್ಸ್ ಅಂತ ಹೊಲಿದರು, ಹಳೇ ಅಕ್ಷರದ ಅಚ್ಚು ಕಾಣ್ತಾನೇ ಇತ್ತು. ಏಪ್ರಿಲ್ 7ರ ಮೊದಲ ಪಂದ್ಯದಲ್ಲಿ ಏಂಜಲ್ಸ್ ಕೈಲಿ 12-0 ಸೋತರು.

ಸಿಯಾಟಲ್ ಜನ ಸುಮ್ಮನೆ ಕೂರಲಿಲ್ಲ, ಅದು ನನಗೆ ಇಷ್ಟ. ವಾಷಿಂಗ್ಟನ್ ರಾಜ್ಯ ಸರ್ಕಾರವೇ ಲೀಗಿನ ಮೇಲೆ ಕೇಸು ಹಾಕಿತು. 1976ರಲ್ಲಿ ವಿಚಾರಣೆ ನಡೆಯುತ್ತಿರುವಾಗ ಲೀಗು ರಾಜಿಗೆ ಬಂತು: 1977ರಿಂದ ಮ್ಯಾರಿನರ್ಸ್. ಕೋರ್ಟಿನಲ್ಲಿ ಗೆದ್ದುಕೊಂಡ ತಂಡ ಅನ್ನಬಹುದು. ಇದೇ ತಂಡ 2001ರಲ್ಲಿ 116 ಪಂದ್ಯ ಗೆದ್ದು ದಾಖಲೆ ಸರಿಗಟ್ಟಿತು. ಆದರೂ ಇವತ್ತಿನ 30 ತಂಡಗಳಲ್ಲಿ ವರ್ಲ್ಡ್ ಸೀರೀಸ್ ಆಡದೇ ಇರುವ ಒಂದೇ ತಂಡ ಅಂತ 2025 ಮುಗಿದರೂ ಅನ್ನಿಸಿಕೊಳ್ತಿದೆ, ಪಾಪ.

ಇನ್ನು ಟೆಕ್ಸಸ್ ರೇಂಜರ್ಸ್. ಇವರು ರಾಜಧಾನಿ ವಾಷಿಂಗ್ಟನ್‌ನಿಂದ ಬಂದವರು, ಆಗ ಸೆನೆಟರ್ಸ್ ಅಂತ ಹೆಸರು. 1971ರ ಸೆಪ್ಟೆಂಬರ್ 30 ಅಲ್ಲಿನ ಕೊನೆಯ ಪಂದ್ಯ. ಯಾಂಕೀಸ್ ವಿರುದ್ಧ 7-5 ಮುಂದಿದ್ದಾರೆ, ಗೆಲ್ಲೋಕೆ ಒಂದೇ ಒಂದು ಔಟ್ ಬೇಕು. ಅಷ್ಟರಲ್ಲಿ ಜನ ಮೈದಾನಕ್ಕೆ ನುಗ್ಗಿ ಬೇಸು, ಹುಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತುಕೊಂಡರು. ಪಂದ್ಯ ರದ್ದಾಗಿ, ಗೆಲುವು ಯಾಂಕೀಸ್‌ಗೆ ಅಂತ ಬರೆದರು. ಮುಂದಿನ ವರ್ಷ ರೇಂಜರ್ಸ್ ಪಶ್ಚಿಮಕ್ಕೆ ಬಂದರು, ಬ್ರೂವರ್ಸ್ ಪೂರ್ವಕ್ಕೆ ಹೋದರು. ರಾಜಧಾನಿಗೆ ಮತ್ತೆ ತಂಡ ಸಿಕ್ಕಿದ್ದು 2005ರಲ್ಲಿ.

ಹೀಗೆ ಆರು ಇದ್ದದ್ದು 1977ರಲ್ಲಿ ಏಳಾಯಿತು. 1994ರಲ್ಲಿ ಸೆಂಟ್ರಲ್ ವಿಭಾಗ ಮಾಡಿ ಶಿಕಾಗೊ, ಕ್ಯಾನ್ಸಸ್ ಸಿಟಿ, ಮಿನ್ನೆಸೋಟಾ ಅಲ್ಲಿಗೆ ಹೋದ ಮೇಲೆ ನಾಲ್ಕೇ ಉಳಿದವು. ಆ ವರ್ಷ ಆಗಸ್ಟಿನಲ್ಲಿ ಆಟಗಾರರ ಮುಷ್ಕರದಿಂದ ಸೀಸನ್ ನಿಂತಾಗ ವೆಸ್ಟ್‌ನಲ್ಲಿ ಮೊದಲನೇ ಸ್ಥಾನದಲ್ಲಿದ್ದ ರೇಂಜರ್ಸ್ ಲೆಕ್ಕ 52 ಗೆಲುವು, 62 ಸೋಲು. ಕ್ಲಾಸಿಗೇ ಫಸ್ಟು, ಆದರೆ ಫೇಲು! 2013ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್‌ನ ಇನ್ನೊಂದು ಲೀಗಿನಿಂದ ಎಳೆದು ತಂದು ಐದು ಮಾಡಿದರು. ತಂಡ ಕೊಳ್ಳಬೇಕಾದರೆ ಲೀಗು ಬದಲಿಸಬೇಕು ಅಂತ ಹೊಸ ಮಾಲೀಕರಿಗೆ ಷರತ್ತು ಹಾಕಿದ್ದರು. ಅಭಿಮಾನಿಗಳನ್ನು ಯಾರೂ ಕೇಳಲಿಲ್ಲ.

ಮೊದಲಿನಿಂದಲೂ ಬಿಡದೆ ಇದ್ದವರು ಇಬ್ಬರೇ: ಏಂಜಲ್ಸ್ ಮತ್ತು ಅಥ್ಲೆಟಿಕ್ಸ್. ಏಂಜಲ್ಸ್ ಊರು ಬಿಡದೆ ಹೆಸರು ಮಾತ್ರ ಬದಲಿಸುತ್ತಾ ಬಂದರು. ಅಥ್ಲೆಟಿಕ್ಸ್ ಓಕ್ಲಂಡಿನಲ್ಲಿ ನಾಲ್ಕು ವರ್ಲ್ಡ್ ಸೀರೀಸ್ ಗೆದ್ದರು, ಅದರಲ್ಲಿ ಮೂರು 1972ರಿಂದ 74ರವರೆಗೆ ಸತತವಾಗಿ. ನಾನು ಹೋಗಿದ್ದ 2012ರಲ್ಲಿ ಒಂಬತ್ತು ಪಂದ್ಯ ಉಳಿದಿದ್ದಾಗ ಐದು ಹಿಂದಿದ್ದವರು ಕೊನೆಯ ದಿನ ರೇಂಜರ್ಸನ್ನು 12-5 ಸೋಲಿಸಿ ವೆಸ್ಟ್ ಗೆದ್ದರು. ಅಷ್ಟೊತ್ತಿಗೆ ನಾನು ವಾಪಸ್ ಬಂದಿದ್ದೆ. ಬೆಂಗಳೂರಿನ ಪಿಜಿಯಲ್ಲಿ ಮಧ್ಯರಾತ್ರಿ ಮೇಲೆ ಸ್ಕೋರ್ ಪೇಜ್ ರಿಫ್ರೆಶ್ ಮಾಡುತ್ತಾ ಕಿರುಚಿದ್ದಕ್ಕೆ ರೂಮ್‌ಮೇಟ್ ಬೈದ.

ನಮ್ಮೂರಿಗೆ ರಾತ್ರಿ ಎಂಟೂವರೆಗೆ ಕೊನೇ ಬಸ್ಸು ಬರ್ತಿತ್ತು. ಮೊದಲು ಲಡಕಾಸಿ ಗಾಡಿ ಹಾಕಿದರು, ಆಮೇಲೆ ಟೈಮಿಗೆ ಬರೋದು ನಿಂತಿತು. ಜನ ಹತ್ತೋದು ಬಿಟ್ಟರು, "ಕಲೆಕ್ಷನ್ ಇಲ್ಲ" ಅಂತ ಬಸ್ಸನ್ನೇ ನಿಲ್ಲಿಸಿದರು. ಓಕ್ಲಂಡಿನಲ್ಲೂ ಅದೇ ಆಯ್ತು ಅಂತ ನನಗನ್ನಿಸುತ್ತೆ. ಒಳ್ಳೇ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ದಾಟಿಸಿದರು, 2023ರಲ್ಲಿ ತಂಡ 112 ಪಂದ್ಯ ಸೋತಿತು, ಆಮೇಲೆ ಜನ ಬರಲ್ಲ ಅಂದರು. ಅದೇ ವರ್ಷ ಜೂನ್ 13ರಂದು ಅಭಿಮಾನಿಗಳು ಉಲ್ಟಾ ಬಹಿಷ್ಕಾರ ಮಾಡಿದರು, ಅಂದರೆ ಬೇಕಂತಲೇ ಬಂದು ತುಂಬಿಕೊಂಡು "ತಂಡ ಮಾರು" ಅಂತ ಮಾಲೀಕ ಜಾನ್ ಫಿಶರ್‌ಗೆ ಕೂಗಿದರು. ಲೆಕ್ಕಕ್ಕೆ 27,759 ಜನ. ಹೊಸ ಸ್ಟೇಡಿಯಂ ಕೇಳಿದ್ದರಲ್ಲಿ ಊರಿನದೂ ತಪ್ಪಿಲ್ಲ ಅಂತಲ್ಲ, ವರ್ಷಗಟ್ಟಲೆ ಮಾತುಕತೆ ಎಳೆದಾಡಿದ್ದು ನಿಜ. ಆದರೆ ಕೇಸು ಹಾಕಿ ತಂಡ ವಾಪಸ್ ತರುವ ಸಿಯಾಟಲ್‌ನ ಅದೃಷ್ಟ ಇವರಿಗಿರಲಿಲ್ಲ.

2024ರ ಸೆಪ್ಟೆಂಬರ್ 26. ಕೊಲಿಸಿಯಂನಲ್ಲಿ ಕೊನೆಯ ಪಂದ್ಯ, ಎದುರಾಳಿ ಮತ್ತೆ ಅದೇ ರೇಂಜರ್ಸ್, ತಾವೂ ಒಂದು ಊರು ಬಿಟ್ಟು ಬಂದವರು. 46,889 ಜನ ಸೇರಿದ್ದರು. ಅಥ್ಲೆಟಿಕ್ಸ್ 3-2ರಿಂದ ಗೆದ್ದರು. ಯಾರೂ ವಾಷಿಂಗ್ಟನ್ ಥರ ಪಂದ್ಯ ಕೆಡಿಸಲಿಲ್ಲ. ಮುಗಿದ ಮೇಲೆ ಕೋಚ್ ಮಾರ್ಕ್ ಕಾಟ್ಸೆ ಮೈಕು ಹಿಡಿದು ಜನರಿಗೆ ಧನ್ಯವಾದ ಹೇಳಿ, ಕೊನೆಯದಾಗಿ ಒಂದು ಸಲ ಓಕ್ಲಂಡಿನ ಹೆಸರು ಕೂಗಿಸಿದರು.

2025ರಿಂದ ಅವರು ಸ್ಯಾಕ್ರಮೆಂಟೊ ಪಕ್ಕದ ಒಂದು ಸಣ್ಣ ಲೀಗಿನ ಮೈದಾನದಲ್ಲಿ ಆಡ್ತಿದ್ದಾರೆ. ಲಾಸ್ ವೇಗಸ್‌ನಲ್ಲಿ ಸ್ಟೇಡಿಯಂ ಆಗೋವರೆಗೂ ಅಲ್ಲೇ. ತಂಡದ ಹೆಸರಿನಲ್ಲಿ ಈಗ ಊರೇ ಇಲ್ಲ, ಬರೀ ಅಥ್ಲೆಟಿಕ್ಸ್. ಸ್ಕೋರ್ ಆ್ಯಪ್‌ನ ವೆಸ್ಟ್ ಪಟ್ಟಿಯಲ್ಲಿ ಸಿಯಾಟಲ್, ಹ್ಯೂಸ್ಟನ್, ಟೆಕ್ಸಸ್, ಲಾಸ್ ಏಂಜಲೀಸ್ ಅಂತ ಇರುತ್ತೆ, ಐದನೆಯದಕ್ಕೆ ಆ ಜಾಗ ಖಾಲಿ.

ನನ್ನ ಹಳೇ ಮ್ಯಾನೇಜರ್ ಇನ್ನೂ ಫ್ರೀಮಾಂಟಿನಲ್ಲೇ ಇದ್ದಾನೆ. ಈಗ ಯಾವ ತಂಡದ ಮ್ಯಾಚ್ ನೋಡ್ತೀಯಾ ಅಂತ ಮೊನ್ನೆ ಕಾಲ್‌ನಲ್ಲಿ ಕೇಳಿದೆ. ಮಗನ ಸ್ಕೂಲ್ ಟೀಮಿಂದು ನೋಡ್ತೀನಿ ಅಂದ.